ಕಳಚಿಟ್ಟ ಬಾಗಿಲು

ಓಕ್ಸ್ ಮೇಷ್ಟ್ರನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು ಯೂಜೆಫ್ ಮೆಟ್ಟಿಲು ಹತ್ತಿ ಬಂದಾಗ ನಾನು ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತು ಉಸಿರು ಸುಧಾರಿಸಿಕೊಳ್ಳುತ್ತಿದ್ದೆ. ಮೇಷ್ಟ್ರ ಕೋಟಿನಿಂದ ನೀರು ಸುರಿಯುತ್ತಿತ್ತು. ಎಚ್ಚರ ತಪ್ಪಿರಬೇಕು ಎಂದುಕೊಂಡೆ. ಆಮೇಲೆ ಯೂಜೆಫ್‌ನ ಅಂಗಿಯ ತೋಳು ಕಣ್ಣಿಗೆ ಬಿತ್ತು. ಮೊಣಕೈವರೆಗೂ ಕೆಂಪು.

"ಹಿಂದಿನ ಕೋಣೇಲಿ ಬೋರಲು ಬಿದ್ದಿದ್ರು, ನೀರಲ್ಲಿ," ಎಂದ ಅವನು. "ಬದುಕಿದಾರೆ ಅಂದ್ಕೊಂಡು ಎತ್ತಿದೆ ಅಮ್ಮಾ."

ಬದುಕಿರಲಿಲ್ಲ. ತಲೆಯ ಹಿಂಭಾಗ ಒಡೆದಿತ್ತು. ಬೆಂಕಿ ಕೆದಕುವ ಕಬ್ಬಿಣದ ಸಲಾಕೆ ಅದೇ ಕೋಣೆಯ ನೀರಿನಡಿ ಆಮೇಲೆ ಸಿಕ್ಕಿತು.

ಯುದ್ಧ ಮುಗಿದ ಎರಡನೆಯ ವರ್ಷದ ಮಾರ್ಚ್ ಅದು. ಚಳಿಗಾಲವೆಲ್ಲ ಬಿದ್ದಿದ್ದ ಹಿಮ ಒಟ್ಟಿಗೇ ಕರಗಿ ನದಿ ಮೇರ್‌ಬರಿಯ ಬೀದಿಗಳಿಗೆ ನುಗ್ಗಿತ್ತು. ನನ್ನ ತಂಗುಮನೆ ‘ನೀರುನಾಯಿ’ ಇರುವುದು ಹಳೆಯ ಬೆಣ್ಣೆ ಸಂತೆಯ ದಿಬ್ಬದ ಮೇಲೆ. ದಿಬ್ಬ ದ್ವೀಪವಾಗಿತ್ತು. ಬೆಳಗ್ಗೆ ಹಾಲಿನ ದೋಣಿ ಬಂದು ಕಿಟಕಿಗೆ ಡಬ್ಬಿ ಕೊಟ್ಟು ಹೋಗುವುದು ಬಿಟ್ಟರೆ ನಮಗೂ ಊರಿಗೂ ಮಾತಿರಲಿಲ್ಲ. ಒಳಗೆ ಸಿಕ್ಕಿಕೊಂಡವರು ಏಳು ಜನ.

ನಾನು, ಡೋರಾ ಟಕೆಟ್. ಗಂಡ ಯುದ್ಧದಲ್ಲಿ ಹೋದ ಮೇಲೆ ಮನೆ, ಒಲೆ, ಮಗಳು ಎಲ್ಲ ನನ್ನ ಪಾಲಿಗೆ. ಪುಣ್ಯಕ್ಕೆ ಮಗಳು ಆ ವಾರ ಗುಡ್ಡದ ಮೇಲಿನ ಅತ್ತೆಯ ಮನೆಯಲ್ಲಿದ್ದಳು. ಅಡುಗೆಮನೆಯಲ್ಲಿ ಕೈಯಾಳು ಯೂಜೆಫ್, ಪೋಲೆಂಡಿನ ಸಿಪಾಯಿ. ಅವನ ಊರು ಈಗ ಯಾವ ದೇಶದಲ್ಲಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಹೆಬ್ಬಾಗಿಲ ಕಮಾನಿನ ಮೇಲಿನ ಕೋಣೆಯಲ್ಲಿ ಆರು ವರ್ಷದಿಂದ ಬಾಡಿಗೆಗಿದ್ದ ಆಂಬ್ರೋಸ್ ಗಿಲ್. ಗಿಲ್ ಅವರು ತೂಕ-ಅಳತೆಯ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಜೀವಮಾನವೆಲ್ಲ ಅಂಗಡಿಗಳ ತಕ್ಕಡಿಯ ಕೆಳಗೆ ಬಗ್ಗಿ ನೋಡಿ ಮಂಡಿ ಹಾಳುಮಾಡಿಕೊಂಡಿದ್ದರು. ಊರಲ್ಲಿ ಏನು ಕಳೆದರೂ ಜನ ಠಾಣೆಗಿಂತ ಮುಂಚೆ ಆ ಕಮಾನಿನ ಮೆಟ್ಟಿಲು ಹತ್ತುತ್ತಿದ್ದರು. ಠಾಣೆ ಎಂದರೆ ಕಾನ್‌ಸ್ಟೇಬಲ್ ಪಿಮ್; ಬೇರೆ ಜಿಲ್ಲೆಯ ಹುಡುಗು ಮುಖದವನು, ಗಸ್ತು ತಿರುಗುತ್ತ ಬಂದು ನಮ್ಮಲ್ಲೇ ಸಿಕ್ಕಿಬಿದ್ದಿದ್ದ. ನದಿಯಂಚಿನ ಮನೆ ಬಿಟ್ಟು ಆಸರೆಗೆ ಬಂದಿದ್ದವರು ಓಕ್ಸ್ ಮೇಷ್ಟ್ರು. ಇನ್ನುಳಿದವರು ಲಂಡನ್ನಿನಿಂದ ಊರು ನೋಡಲು ಬಂದಿದ್ದ ಜೋಡಿ: ವಿಧವೆ ಮಿಸೆಸ್ ಡ್ಯಾಲ್ಬಿ ಮತ್ತು ಅವರನ್ನು ಏಪ್ರಿಲ್‌ನಲ್ಲಿ ಮದುವೆಯಾಗಲಿದ್ದ ಲಯನೆಲ್ ಮರ್ಸರ್.

"ನಮ್ಮ ಲಯನೆಲ್‌ಗೆ ಇಲ್ಲಿಗೆ ಬರೋದು ಇಷ್ಟವೇ ಇರ್ಲಿಲ್ಲ ಕಣ್ರೀ," ಎಂದು ಆ ಮಧ್ಯಾಹ್ನ ಊಟದ ಮೇಜಿನಲ್ಲಿ ಮಿಸೆಸ್ ಡ್ಯಾಲ್ಬಿ ನಕ್ಕಿದ್ದರು. "ದಾರಿ ಬದಲಾಯಿಸೋಣ ಅಂತ ಹೊರಟಾಗಿನಿಂದ ಹೇಳ್ತಾನೇ ಇದ್ರು. ನಾನೇ ಹಟ ಹಿಡಿದೆ. ಹಳೇ ಸೇತುವೆ, ಬೆಣ್ಣೆ ಸಂತೆ, ವಾರೆಯಾದ ಮರದ ಮನೆಗಳು... ನೋಡಿ, ಈಗ ಸೇತುವೆಯೇ ಕಾಣಿಸ್ತಿಲ್ಲ!"

"ಪಾದ್ರಿ, ಕಸಾಯಿ, ಸಂತೆಯ ಗುಮಾಸ್ತ," ಎಂದು ಮೇಷ್ಟ್ರು ಸೂಪಿನ ಬಟ್ಟಲ ಮೇಲಿಂದ ಗೊಣಗಿದರು, "ಈ ಊರಿನ ಗಂಡಸರೆಲ್ಲ ನನ್ನ ಕೈಲಿ ಕಿವಿ ಹಿಂಡಿಸ್ಕೊಂಡವ್ರೇ. ಹೆಸರು ಮರೀಬಹುದು, ಹಿಂಡಿದ ಕಿವಿ ಮರೆಯೋಲ್ಲ." ಆಮೇಲೆ ಮೇಜಿನಾಚೆ ಕಣ್ಣು ಕಿರಿದು ಮಾಡಿ, "ಮಿಸ್ಟರ್ ಮರ್ಸರ್, ನಿಮ್ಮ ಕಿವಿ ಎಲ್ಲೋ ನೋಡಿದ ಹಾಗಿದೆಯಲ್ಲ?" ಎಂದರು.

"ಲಂಡನ್ ತುಂಬ ಕಿವಿಗಳೇ ಸಾರ್," ಎಂದು ಮರ್ಸರ್ ನಕ್ಕರು. ಕನ್ನಡಕ, ದಪ್ಪ ಮೀಸೆ, ಒಳ್ಳೆಯ ಬಟ್ಟೆ. "ಈ ಕಡೆಗೆ ನಾನು ಇದೇ ಮೊದಲು."

ಮೇಷ್ಟ್ರ ಕೈಬೆರಳುಗಳು ಸಂಧಿವಾತದಿಂದ ಹಕ್ಕಿಯ ಉಗುರಿನಂತೆ ಮುದುಡಿದ್ದವು. ಅವರ ತಟ್ಟೆಯ ಮಾಂಸ ನಾನೇ ಕತ್ತರಿಸಿ ಕೊಡುತ್ತಿದ್ದೆ. ಆದರೆ ನಾಲಿಗೆಗೆ ವಾತ ಬಡಿದಿರಲಿಲ್ಲ. ಯೂಜೆಫ್ ಬಟ್ಟಲು ತೆಗೆಯಲು ಬಂದಾಗ, "ಏನಪ್ಪಾ, ಇದು ಸೂಪೋ ಬೀಟ್‌ರೂಟ್ ತೊಳೆದ ನೀರೋ? ಯುದ್ಧ ಮುಗೀತಲ್ಲ, ನೀವೆಲ್ಲ ಯಾವಾಗ ಮನೆಗೆ ಹೋಗ್ತೀರಿ?" ಎಂದರು.

ಯೂಜೆಫ್ ಸೌಟನ್ನು ಮೇಜಿಗೆ ಕುಕ್ಕಿದ. "ಮನೆ ಇದ್ದಿದ್ರೆ ಹೋಗ್ತಿದ್ದೆ!"

ಪಿಮ್ ಇದನ್ನೆಲ್ಲ ನೋಡಿದ್ದ. ಅದೇ ಆಮೇಲೆ ಯೂಜೆಫ್‌ನ ಕುತ್ತಿಗೆಗೆ ಬಂತು.

ಊಟವಾದ ಮೇಲೆ, ಎಲ್ಲರೂ ಅಲ್ಲಲ್ಲಿ ಒರಗಿದ್ದಾಗ, ಚರ್ಚಿನ ನೆರೆಗಂಟೆ ಹೊಡೆಯಿತು. ನೀರು ಎರಡನೆಯ ಸಲ ಏರುತ್ತಿದೆ ಎಂದರ್ಥ. ನಾನು ಅಡುಗೆಮನೆಯಲ್ಲಿ ಯೂಜೆಫ್ ಜೊತೆಗಿದ್ದೆ. ತಕ್ಷಣ ಅಡುಗೆಮನೆಯ ಬಾಗಿಲನ್ನೂ ಪಡಸಾಲೆಯ ಬಾಗಿಲನ್ನೂ ಎತ್ತಿ ಕಳಚಿ ಗೋಡೆಗೆ ಒರಗಿಸಿದೆ. ಮೇರ್‌ಬರಿಯಲ್ಲಿ ಹಾಗೆಯೇ. ಇಲ್ಲಿನ ಹಳೆಯ ಬಾಗಿಲುಗಳು ಗೋಡೆಯ ಕಬ್ಬಿಣದ ಗೂಟಗಳ ಮೇಲೆ ಸುಮ್ಮನೆ ಕೂತಿರುತ್ತವೆ. ಅಗುಳಿಯ ಕೆಳಗೆ ಹೆಗಲು ಕೊಟ್ಟು, ಬುಡಕ್ಕೊಂದು ಒದೆ ಕೊಟ್ಟರೆ ಕಳಚಿ ಬರುತ್ತವೆ. ನೆರೆ ಬಂದಾಗ ಮುಚ್ಚಿದ ಬಾಗಿಲು ನೀರು ಕುಡಿದು ಊದಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಒಳಗಿದ್ದವರು ಒಳಗೇ. ನಡೆಯಲು ಕಲಿತ ಮೇಲೆ ಈ ಊರಿನ ಮಗು ಕಲಿಯುವ ಮೊದಲ ವಿದ್ಯೆ ಇದು. ನಾನು ಸೊಸೆಯಾಗಿ ಬಂದ ಮೊದಲ ನೆರೆಯಲ್ಲಿ, ನೀರು ಬರಬಾರದೆಂದು ಜಾಣೆಯಂತೆ ಬಾಗಿಲು ಹಾಕಿಕೊಂಡು ಕೂತಿದ್ದೆ. ಗಂಡ ಕೊಡಲಿ ತಂದು ನನ್ನನ್ನು ಬಿಡಿಸಬೇಕಾಯಿತು. ಊರು ಇವತ್ತಿಗೂ ನಗುತ್ತದೆ.

ಯೂಜೆಫ್ ಕೂಡ ಈಗ ಅದೇ ತಪ್ಪು ಮಾಡಿದ. ನಾನು ಪಾತ್ರೆ ಹೊತ್ತು ಮೇಲೆ ಹೋಗಿ ಬರುವಷ್ಟರಲ್ಲಿ ಉಗ್ರಾಣದ ಬಾಗಿಲು ಮುಚ್ಚಿ, ಅಡಿಯ ಸಂದಿಗೆ ಚಿಂದಿ ತುರುಕಿ, ಹೆಮ್ಮೆಯಿಂದ ನಿಂತಿದ್ದ. "ಅಯ್ಯೋ ದೇವರೇ, ಸಕ್ಕರೆ ಅದರೊಳಗಿದೆಯಲ್ಲೋ!" ಎಂದು ಚೀರಿದೆ. ಆಮೇಲೆ ಕೊಡಲಿಯಲ್ಲಿ ಒಡೆದದ್ದು ನಾವಿಬ್ಬರೇ. ಬಳಿಕ ಅವನು ಕೆಳಗಿನಿಂದ ಮೂಟೆ ಹೊತ್ತು ತರುವುದು, ನಾನು ಮೇಲೆ ಇಳಿಸಿಕೊಳ್ಳುವುದು. ಕೊನೆಯ ಸಲ ಅವನು ಮೂಟೆಯ ಬದಲು ಮೇಷ್ಟ್ರನ್ನು ಹೊತ್ತು ಬಂದ.

"ಕೊನೇವರೆಗೆ ಕೆಳಗಿದ್ದೋನು ಇವನೊಬ್ಬನೇ. ಜಗಳ ಆಡಿದ್ದೂ ಇವನೇ. ಅಂಗಿ ಮೇಲೆ ರಕ್ತ," ಎಂದ ಪಿಮ್, ಬೆರಳು ಮಡಚುತ್ತ. ಬಹುಶಃ ಅವನು ನೋಡಿದ ಮೊದಲ ಕೊಲೆ ಅದು. ಯೂಜೆಫ್ ಮಣಿಕಟ್ಟು ಚಾಚಿದ. ಅವನನ್ನು ಹಾಸಿಗೆ ಬಟ್ಟೆಯ ಕೋಣೆಯಲ್ಲಿ ಕೂಡಿ ಬೀಗ ಹಾಕಿದರು. ನೀರು ಇಳಿದು ರಸ್ತೆ ತೆರೆದ ಕೂಡಲೇ ಜಿಲ್ಲಾ ಪೊಲೀಸರ ಲಾರಿ ಬರುತ್ತದೆ, ಒಪ್ಪಿಸುತ್ತೇನೆ ಎಂದ ಪಿಮ್.

ಪರದೇಶಿ, ರಕ್ತದ ಅಂಗಿ, ಕೈಗೆ ಸಿಕ್ಕ ಸಲಾಕೆ. ಜಿಲ್ಲಾ ಕೋರ್ಟಿನಲ್ಲಿ ಇದಕ್ಕೆ ನೇಣು ಎಂದು ನನಗೂ ಗೊತ್ತಿತ್ತು. ಮರುದಿನ ಬೆಳಗ್ಗೆ ಮುಳುಗಿದ್ದ ಮೆಟ್ಟಿಲುಗಳು ಕೆಸರು ಹೊದ್ದು ಒಂದೊಂದಾಗಿ ಹೊರಗೆ ಬರತೊಡಗಿದವು. ಮಿಸೆಸ್ ಡ್ಯಾಲ್ಬಿ ಕೈ ಮುಗಿದು ದೇವರಿಗೆ ವಂದನೆ ಹೇಳಿದರು. ಇಡೀ ಮೇರ್‌ಬರಿ ನೀರು ಇಳಿಯಲೆಂದು ಬೇಡುತ್ತಿದ್ದಾಗ ನಿಲ್ಲಲಿ ಎಂದು ಬೇಡಿದವಳು ನಾನೊಬ್ಬಳೇ.

ಗಿಲ್ ಅವರ ಬಾಗಿಲು ತಟ್ಟಿದೆ. "ಏನಾದ್ರೂ ಮಾಡಿ. ಅವನು ಇಲಿ ಬೋನಿನಲ್ಲಿ ಬಿದ್ರೆ ಹೊರಗೆ ಬಿಟ್ಟು ಬರೋನು. ಮುದುಕರ ತಲೆ ಒಡೀತಾನಾ?"

"ಪಾಪದೋರೂ ಕೊಲ್ತಾರೆ ಮಿಸೆಸ್ ಟಕೆಟ್. ಪಾಪದ ಮುಖದ ಕಟುಕರನ್ನ ನಾನು ಬೇಕಾದಷ್ಟು ನೋಡಿದೀನಿ, ತಕ್ಕಡಿ ಕೆಳಗೆ ಮೇಣ ಅಂಟಿಸ್ಕೊಂಡು," ಎಂದರು ಅವರು, ಕೋಲು ಹುಡುಕುತ್ತ. "ಗುಣ ಬೇಡ, ತೂಗೋ ವಸ್ತು ಕೊಡಿ. ನಡೀರಿ ಕೆಳಗೆ."

ಕೆಸರು ನೀರು ಇನ್ನೂ ಪಾದ ಮುಚ್ಚುವಷ್ಟಿತ್ತು. ಗಿಲ್ ಅವರು ಗೋಡೆ ಹಿಡಿದು, ಒಂದೊಂದು ಹೆಜ್ಜೆಗೂ ಶಪಿಸುತ್ತ, ಹಿಂದಿನ ಕೋಣೆಯವರೆಗೆ ಬಂದರು. ಕೋಣೆಯೊಳಗೆ ಎರಡು ಕುರ್ಚಿ ಎದುರುಬದುರಾಗಿ ಬಿದ್ದಿದ್ದವು. ಬಾಗಿಲು ಹೊರಗೆ, ಓಣಿಯ ಗೋಡೆಗೆ ಅಚ್ಚುಕಟ್ಟಾಗಿ ಒರಗಿ ನಿಂತಿತ್ತು.

"ಇದನ್ನ ಯಾವಾಗ ಕಳಚಿದ್ರಿ?"

"ನಾನು ಇತ್ತ ಬರಲೇ ಇಲ್ಲ. ಮೇಷ್ಟ್ರು ಕಳಚಿರ್ಬೇಕು, ಈ ಊರಿನೋರಲ್ವಾ..." ಎನ್ನುತ್ತಿದ್ದ ಹಾಗೆ ನನ್ನ ಬಾಯಿ ನಿಂತಿತು.

"ಚಮಚ ಹಿಡಿಯೋಕಾಗದ ಕೈಯಲ್ಲಿ?" ಎಂದರು ಗಿಲ್. "ಎಲ್ಲಿ, ಎತ್ತಿ ನೋಡೋಣ."

ಎತ್ತಿದೆ. ಓಕ್ ಮರ, ಹಿಟ್ಟಿನ ಮೂಟೆಗಿಂತ ಭಾರ. ಅವರು ತಲೆಯಾಡಿಸಿದರು. "ನೀರು ಬಂದ ಮೇಲೆ ಕಳಚಿರಬಹುದಾ?"

"ಆಗೋಲ್ಲ. ನೀರು ತಾಗಿದ ಸ್ವಲ್ಪ ಹೊತ್ತಿಗೇ ಊದ್ಕೊಳ್ಳತ್ತೆ. ಗಂಟೆ ಹೊಡೆದ ತಕ್ಷಣ ತೆಗೆದ್ರೆ ಸೈ, ಇಲ್ಲಾಂದ್ರೆ ಕೊಡಲಿ."

ಗಿಲ್ ಅವರು ಕೋಲಿನ ತುದಿಯಿಂದ ಬಾಗಿಲನ್ನು ಒಮ್ಮೆ ತಟ್ಟಿದರು. ಬಳಿಕ ಮೇಲೆ ಬಂದು ಬೀಗ ಹಾಕಿದ್ದ ಕೋಣೆಯ ಹೊರಗಿನಿಂದಲೇ ಕೇಳಿದರು, "ಯೂಜೆಫ್, ಹಿಂದಿನ ಕೋಣೆ ಬಾಗಿಲು ನೀನು ಕಳಚಿದ್ಯಾ?"

"ಬಾಗಿಲು ಯಾಕೆ ಕಳಚ್ತಾರೆ ಸಾರ್?" ಎಂದಿತು ಒಳಗಿನ ದನಿ. "ಅಮ್ಮ ನಿನ್ನೆ ಎರಡು ಕಳಚಿದ್ರು. ಹೆದರಿಕೆಗೆ ತಲೆ ಕೆಟ್ಟಿರ್ಬೇಕು ಅಂದ್ಕೊಂಡೆ."

ಗಿಲ್ ಅವರು ಮೊದಲ ಸಲ ನಕ್ಕರು. ಆಮೇಲೆ ನನ್ನತ್ತ ತಿರುಗಿ, "ಓಕ್ಸ್ ಮೇಷ್ಟ್ರ ಕೈಯಿಂದ ಶಾಲೆ ಬಿಟ್ಟು, ಊರೂ ಬಿಟ್ಟು ಹೋದ ಗಂಡಸು ಯಾರಾದ್ರೂ ಇದಾನಾ? ನಲವತ್ತರ ಮೇಲಿನ ವಯಸ್ಸು," ಎಂದು ಕೇಳಿದರು.

ಮೇರ್‌ಬರಿಯಲ್ಲಿ ಆ ಕತೆ ಕೇಳದವರಿಲ್ಲ. ಗಿರಣಿ ಓಣಿಯ ಮಾರ್ಥಾ ಹಾಬ್ಸ್‌ಳ ಗಂಡ ಡಿಕ್, ಮದುವೆಯಾದ ವರ್ಷವೇ, ಎಳೆ ಕೂಸನ್ನು ಬಿಟ್ಟು ಒಂದು ಬೆಳಗ್ಗೆ ಮಾಯವಾಗಿದ್ದ. ನಾನು ಈ ಊರಿಗೆ ಬರುವ ಮೊದಲಿನ ಮಾತು. ಮಾರ್ಥಾ ಇವತ್ತಿಗೂ ಊರವರ ಬಟ್ಟೆ ಒಗೆದು ಬದುಕುತ್ತಾಳೆ, ಉಂಗುರ ತೆಗೆದಿಲ್ಲ. ಅದನ್ನು ಹೇಳಿದೆ.

"ಎಲ್ಲರನ್ನೂ ಮೇಲಿನ ಕೋಣೆಗೆ ಕರೀರಿ," ಎಂದರು ಗಿಲ್. "ಯೂಜೆಫ್‌ನೂ."

ಇದ್ದ ಕಲ್ಲಿದ್ದಲಿನಲ್ಲಿ ಒಂದು ಹಿಡಿ ಹಾಕಿ ಬೆಂಕಿ ಮಾಡಿದ್ದೆ. ಮಿಸೆಸ್ ಡ್ಯಾಲ್ಬಿ ಶಾಲು ಹೊದ್ದು ಒಲೆಯ ಪಕ್ಕ, ಮರ್ಸರ್ ಅವರ ಕುರ್ಚಿಯ ಬೆನ್ನಿಗೆ ಕೈಯಿಟ್ಟು, ಯೂಜೆಫ್ ಕೋಳ ತೊಟ್ಟು ಪಿಮ್‌ನ ಪಕ್ಕದಲ್ಲಿ. ಕಿಟಕಿಯಾಚೆ ಸುತ್ತಲೂ ಕಂದು ನೀರು.

"ನಾನು ತೂಕದವನು," ಎಂದು ಗಿಲ್ ಅವರು ಶುರು ಮಾಡಿದರು. "ಒಂದು ಬಾಗಿಲು ತೂಗಿದೀನಿ, ಅಷ್ಟೆ. ಹಿಂದಿನ ಕೋಣೆ ಬಾಗಿಲನ್ನ ಗಂಟೆ ಹೊಡೆದ ತಕ್ಷಣ ಯಾರೋ ಕಳಚಿಟ್ಟಿದಾರೆ. ತಡವಾಗಿದ್ರೆ ಅದು ಕಳಚ್ತಿರ್ಲಿಲ್ಲ. ಮೇಷ್ಟ್ರು ಆ ಕೋಣೇಲಿದ್ರು, ಆದ್ರೆ ಅವರ ಕೈಲಿ ಆಗೋ ಕೆಲಸ ಅಲ್ಲ. ಹಾಗಾದ್ರೆ ಗಂಟೆ ಹೊಡೆದಾಗ ಅವರ ಜೊತೆ ಇನ್ನೊಬ್ಬ ಇದ್ದ. ಕುರ್ಚಿಗಳೂ ಎರಡು, ಎದುರುಬದುರು. ಇದ್ದೆ ಅಂತ ಇಲ್ಲಿವರೆಗೆ ಯಾರೂ ಹೇಳಿಲ್ಲ."

"ಯೂಜೆಫ್ ಇದ್ದಿರ್ಬಹುದಲ್ಲ ಸಾರ್," ಎಂದ ಪಿಮ್.

"ಗಂಟೆ ಹೊಡೆದಾಗ ಅವನು ಮಿಸೆಸ್ ಟಕೆಟ್ ಜೊತೆ ಅಡುಗೆಮನೇಲಿದ್ದ. ಆಮೇಲೆ ಒಬ್ಬನೇ ಆದಾಗ ಏನು ಮಾಡ್ದ? ಉಗ್ರಾಣದ ಬಾಗಿಲು ಮುಚ್ಚಿ ಚಿಂದಿ ತುರುಕ್ದ. ಅವನಿಗೆ ಈ ಊರಿನ ಪದ್ಧತಿ ಗೊತ್ತಿಲ್ಲ. ಕಾನ್‌ಸ್ಟೇಬಲ್, ಗಂಟೆ ಹೊಡೆದಾಗ ನೀವು ಉಪ್ಪರಿಗೆಯಿಂದ ಏನಂತ ಕೂಗಿದ್ರಿ?"

ಪಿಮ್ ಕೆಂಪಾದ. "ಬಾಗಿಲು ಹಾಕ್ಕೊಳ್ಳಿ ಅಂತ."

"ನಾನು ಪಕ್ಕದಲ್ಲೇ ಇದ್ದೆ, ನನಗೂ ಅದೇ ಸರಿ ಅನ್ನಿಸ್ತು. ಬೇರೆ ಊರಿನೋರಿಗೆಲ್ಲ ಹಾಗೇ. ನೀರು ಬಂದ್ರೆ ಜಗತ್ತು ಬಾಗಿಲು ಮುಚ್ಚತ್ತೆ, ಮೇರ್‌ಬರಿ ಒಂದೇ ತೆಗೆಯತ್ತೆ. ಹಾಗಾದ್ರೆ ಈ ಮನೇಲಿ ಇನ್ನೊಬ್ಬ ಮೇರ್‌ಬರಿಯೋನು ಇದಾನೆ." ಗಿಲ್ ಅವರು ಕೋಲಿನ ಮೇಲೆ ಗದ್ದ ಊರಿದರು. "ಮಿಸ್ಟರ್ ಮರ್ಸರ್, ಗಂಟೆ ಹೊಡೆದಾಗ ನೀವೆಲ್ಲಿದ್ರಿ?"

"ಹೇಳಿದೆನಲ್ಲ, ಇವರ ಟೋಪಿ ಪೆಟ್ಟಿಗೆ ತರೋಕೆ ಮುಂದಿನ ಹಜಾರಕ್ಕೆ ಹೋಗಿದ್ದೆ," ಎಂದರು ಮರ್ಸರ್ ಸಲೀಸಾಗಿ. "ನಿಮ್ಮ ಊರಿನ ಬಾಗಿಲಿನ ಶಾಸ್ತ್ರ ನನಗೇನು ಗೊತ್ತು? ನಾನು ಈ ಕಡೆಗೆ ಇದೇ ಮೊದಲು."

ಗಿಲ್ ಅವರು ಮಿಸೆಸ್ ಡ್ಯಾಲ್ಬಿಯತ್ತ ತಿರುಗಿ, ಸಕ್ಕರೆ ಬೇಕೇ ಎಂದು ಕೇಳುವ ದನಿಯಲ್ಲಿ, "ಈ ಚಳಿಗೆ ಲಂಡನ್ನಿನಲ್ಲೂ ನಲ್ಲಿ ಕೊಳವೆಗಳು ಒಡೆದ್ವಂತೆ, ಹೌದಾ ಮೇಡಂ?" ಎಂದರು.

"ಒಡೆದ್ವಾ ಅಂತ ಕೇಳ್ತೀರಾ! ಫೆಬ್ರವರೀಲಿ ನಮ್ಮ ಸ್ನಾನದ ಮನೇದು ಒಡೆದು, ಹಜಾರದ ತುಂಬ ನೀರು. ಪಾಪ ಲಯನೆಲ್ ಅಲ್ಲೇ ಇದ್ರು."

"ಏನು ಮಾಡಿದ್ರು?"

"ಅಯ್ಯೋ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ನಗು ಬರತ್ತೆ. ಕೊಳಾಯಿಯವನನ್ನ ಕರೀರಿ ಅಂತ ನಾನು ಕಿರಿಚ್ತಿದ್ರೆ, ಇವರು ತಿರುಪು ಬಿಚ್ಚೋ ಸಲಕರಣೆ ಹಿಡ್ಕೊಂಡು ಬಂದು ಸ್ನಾನದ ಮನೆ ಬಾಗಿಲನ್ನೇ..."

ಅವರು ನಿಲ್ಲಿಸಿದರು. ನಗು ಮುಖದ ಮೇಲೆ ಇದ್ದ ಹಾಗೆಯೇ ಇತ್ತು. ಕಣ್ಣು ಮಾತ್ರ ಬದಲಾಯಿತು. ತಮ್ಮ ಕುರ್ಚಿಯ ಬೆನ್ನಿನ ಮೇಲಿದ್ದ ಕೈಯಿಂದ ನಿಧಾನವಾಗಿ ಮುಂದಕ್ಕೆ ಸರಿದು ಕೂತರು.

"ಲಯನೆಲ್," ಎಂದರು. "ಬಾಗಿಲು ಯಾಕೆ ತೆಗೆದೆ ಅಂತ ಅವತ್ತು ಕೇಳಿದೆ. ನೀನು ಹೇಳ್ಲೇ ಇಲ್ಲ."

ಮರ್ಸರ್ ಕಿಟಕಿ ನೋಡಿದರು. ಪಿಮ್ ಯೂಜೆಫ್‌ನನ್ನು ಬಿಟ್ಟು ಬಾಗಿಲಿಗೆ ಅಡ್ಡ ನಿಂತ. ಆದರೆ ಓಡಲು ಎಲ್ಲಿತ್ತು ನೆಲ? ಊರಿನವರೇ ಸುತ್ತಲಿನ ಮಾಳಿಗೆಗಳಲ್ಲಿ ಕೂತು ಈ ದಿಬ್ಬವನ್ನೇ ನೋಡುತ್ತಿದ್ದರು.

"ಈ ದ್ವೀಪದಲ್ಲಿ ನಿಮ್ಮನ್ನ ಗುರುತು ಹಿಡಿಯೋರು ಒಬ್ಬರೇ ಇದ್ರು," ಎಂದರು ಗಿಲ್. "ಮಿಸೆಸ್ ಟಕೆಟ್ ಆಮೇಲೆ ಬಂದವರು, ನಾನು ಇನ್ನೂ ಆಮೇಲೆ. ಕಿವಿ ನೋಡಿ ಮೇಷ್ಟ್ರಿಗೆ ಬರೀ ಅನುಮಾನ ಬಂತು. ಅವರಿಗೆ ಎಷ್ಟು ಗೊತ್ತು ಅಂತ ತಿಳ್ಕೊಳ್ಳೋಕೆ ನೀವು ಹಿಂದಿನ ಕೋಣೆಗೆ ಹೋದ್ರಿ. ಮಾತಿನಲ್ಲಿ ಗೆದ್ದೂ ಇದ್ರೇನೋ. ಅಷ್ಟರಲ್ಲಿ ಗಂಟೆ ಹೊಡೀತು. ನಿಮ್ಮ ಮೈ ನಿಮಗಿಂತ ಮುಂಚೆ ಎದ್ದು, ಹೆಗಲು ಕೊಟ್ಟು, ಬಾಗಿಲು ಕಳಚ್ತು. ಮೇಷ್ಟ್ರು ನೋಡ್ತಾ ಕೂತಿದ್ರು. ಅಲ್ಲ ಅನ್ನೋದಾದ್ರೆ ನಾಳೆ ಹಾಲಿನ ದೋಣೀಲಿ ಮಾರ್ಥಾ ಹಾಬ್ಸ್‌ನ ಕರೆಸ್ತೀನಿ. ಆಕೆಗೆ ಕಿವಿ ನೋಡೋ ಅಗತ್ಯವೂ ಬೀಳೋಲ್ಲ."

ಮರ್ಸರ್ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಮಾತಾಡಿದಾಗ ಲಂಡನ್ನಿನ ನಯ ಹೋಗಿತ್ತು; ನಮ್ಮ ಸಂತೆಯ ಗಂಡಸರ ದನಿಯೇ ಬಂತು.

"ಮುದುಕ ನಕ್ಬಿಟ್ಟ," ಎಂದ ಡಿಕ್ ಹಾಬ್ಸ್. "‘ಭಲೇ ಡಿಕ್, ಮರೆತಿಲ್ಲ ಕಣೋ ನೀನು’ ಅಂದ. ಇಪ್ಪತ್ತು ವರ್ಷದ ಮೇಲಾಯ್ತು ಆ ಹೆಸರು ಕೇಳಿ. ಈ ಹಾಳೂರಿಂದ ತಪ್ಪಿಸ್ಕೊಂಡೆ ಅಂತಿದ್ದೆ. ಬೇಡ ಅಂದ್ರೂ ಎಳ್ಕೊಂಡು ಬಂದ್ಲು, ಸೇತುವೆ ನೋಡ್ಬೇಕಂತೆ, ಸೇತುವೆ! ದಾರಿ ಮುಚ್ಚಿಹೋಯ್ತು. ಮುದುಕ ಬಾಯಿ ಮುಚ್ಕೊಂಡಿದ್ರೆ..."

"ಆ ಹೆಂಗಸಿಗೆ ಮಗು ಇತ್ತಾ?" ಎಂದು ಮಿಸೆಸ್ ಡ್ಯಾಲ್ಬಿ ನನ್ನನ್ನು ಕೇಳಿದರು, ಅವನನ್ನಲ್ಲ.

"ಇದೆ. ಮಗಳು. ಮದುವೆಯಾಗಿದೆ."

ಅವರು ಕೈಗವಸು ತೊಟ್ಟುಕೊಂಡು, ಮತ್ತೆ ಬಿಚ್ಚಿ, ಮಡಿಲಲ್ಲಿಟ್ಟುಕೊಂಡು ಕೂತರು. ಆ ಕೋಣೆ ಬಿಟ್ಟು ಅವರೂ ಎಲ್ಲಿಗೂ ಹೋಗುವಂತಿರಲಿಲ್ಲ.

ಪಿಮ್ ಯೂಜೆಫ್‌ನ ಕೋಳ ಬಿಚ್ಚಿ ಹಾಬ್ಸ್‌ನಿಗೆ ತೊಡಿಸಿದ.

ಎರಡು ದಿನದ ಮೇಲೆ ರಸ್ತೆ ತೆರೆಯಿತು. ಲಾರಿಯ ಸದ್ದು ಕೇಳಿಸಿದಾಗ ಯೂಜೆಫ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಚಾಕು ಕೆಳಗಿಟ್ಟ. ಏಪ್ರನ್ನಿಗೆ ಕೈ ಒರೆಸಿಕೊಂಡ. ಎದ್ದು ನಿಂತು, ಬಾಗಿಲಿಗೆ ಬಂದ ಪಿಮ್‌ನ ಮುಂದೆ ಎರಡೂ ಮಣಿಕಟ್ಟು ಚಾಚಿದ.

"ನಿನ್ನನ್ನಲ್ಲಪ್ಪ," ಎಂದ ಪಿಮ್ ಮೆಲ್ಲಗೆ. "ಗೊತ್ತಲ್ಲ ನಿನಗೆ. ನಿನ್ನನ್ನಲ್ಲ."

ಯೂಜೆಫ್ ತಲೆಯಾಡಿಸಿದ. ಆದರೆ ಕೈ ಇಳಿಯಲಿಲ್ಲ. ಯಾವ ಯಾವ ಲಾರಿಗಳು ಅವನನ್ನು ಎಲ್ಲೆಲ್ಲಿಗೆ ಕೊಂಡೊಯ್ದಿದ್ದವೋ, ನಾನು ಎಂದೂ ಕೇಳಿರಲಿಲ್ಲ.

ಆಲೂಗಡ್ಡೆಯ ಬುಟ್ಟಿ ಎತ್ತಿ ಆ ಚಾಚಿದ ಕೈಗಳ ಮೇಲೆ ಇಟ್ಟೆ.

"ಲಾರಿ ತುಂಬ ಜನ ಬಂದಿದಾರೆ, ಎಲ್ಲರೂ ಹಸಿದಿದಾರೆ," ಎಂದೆ. "ಬೇಗ ಕೈ ಹಾಕೋ. ಇಷ್ಟು ಸಾಲೋಲ್ಲ."